ಯುಗಾದಿ ಆದಮೇಲೆ ಪಾರ್ಕಿನಲ್ಲಿ ಬೀಜ ಹಂಚಿಕೆ: ಸಸಿ ನೆಡೋದು ಈಗಲೋ, ಮಳೆಗಾಲಕ್ಕೋ?

ಮೂಲೆಮನೆ:
ಜಯನಗರದ ನೆರೆಹೊರೆಯವರೇ, ಒಂದು ವಿಷಯ ಮುಂದಿಡುತ್ತಿದ್ದೇನೆ. ಮನಸ್ಸಿಗೆ ಬಂದದ್ದನ್ನು ಹೇಳಿ. ಪ್ರತಿ ವರ್ಷ ರಾಮನವಮಿಗೆ ಪಾರ್ಕ್ ಗೇಟಿನ ಹತ್ತಿರ ಪಾನಕ, ಕೋಸಂಬರಿ, ನೀರುಮಜ್ಜಿಗೆ ಹಂಚುತ್ತೇವೆ. ಜನ ಬರುತ್ತಾರೆ, ಕುಡಿಯುತ್ತಾರೆ, ಹೋಗುತ್ತಾರೆ. ಪಕ್ಕದ ರಸ್ತೆಯಲ್ಲಿ ಯಾರಿದ್ದಾರೆ ಅನ್ನೋದೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಈ ಸಲ ಯುಗಾದಿಗೂ ರಾಮನವಮಿಗೂ ನಡುವೆ ಬರುವ ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲೇ ಬೀಜ, ಕಡ್ಡಿ, ಸಸಿ ಅದಲುಬದಲು ಮಾಡಿಕೊಂಡರೆ ಹೇಗೆ? ದುಡ್ಡಿನ ಮಾತಿಲ್ಲ. ನಿಮ್ಮ ಹತ್ತಿರ ಜಾಸ್ತಿ ಇರೋದನ್ನು ತನ್ನಿ, ಇಲ್ಲದ್ದನ್ನು ತಗೊಂಡು ಹೋಗಿ.

ಹುಡುಗರ ತಂಡದವರು ಇನ್ನೊಂದು ಯೋಚನೆ ಹೇಳುತ್ತಿದ್ದಾರೆ. ಏಪ್ರಿಲ್ 22ರ ಭೂಮಿ ದಿನಕ್ಕೆ ಪಾರ್ಕ್ ಸುತ್ತ ಮತ್ತು ಅಡ್ಡರಸ್ತೆಗಳಲ್ಲಿ ಒಂದೇ ದಿನ 50 ಸಸಿ ನೆಡಬೇಕಂತೆ. ಎರಡನ್ನೂ ಸೇರಿಸಿ ಮಾಡಬಹುದಾ, ಬೇರೆಬೇರೆ ಇಡಬೇಕಾ? ದಿನ, ಹೊತ್ತು, ನೀರು, ಮೈಕು ಎಲ್ಲದರ ಬಗ್ಗೆ ಅಭಿಪ್ರಾಯ ಬರಲಿ. ಆಮೇಲೆ "ನಮ್ಮನ್ನು ಕೇಳಲೇ ಇಲ್ಲ" ಅನ್ನೋದು ಬೇಡ.

ಪಿಜಿ ಹುಡುಗ:
ನಾನು ಖಂಡಿತ ಬರುತ್ತೇನೆ. ನನಗಿರೋದು ಒಂದು ಬಾಲ್ಕನಿ, ಮಧ್ಯಾಹ್ನದವರೆಗೆ ಬಿಸಿಲು ಬರುತ್ತದೆ. ಮಾರ್ಚ್ ಅಂದರೆ ಬಿತ್ತೋಕೆ ಸರಿಯಾದ ಸಮಯ ಅಂತ ಒಂದು ವಿಡಿಯೋ ನೋಡಿ ಕ್ಯಾರೆಟ್, ಬಟಾಣಿ, ಎಲೆಕೋಸು ಬೀಜ ತರಿಸಿಟ್ಟುಕೊಂಡಿದ್ದೇನೆ. ಅದರಲ್ಲಿ ಅರ್ಧ ಹಂಚಿಕೆಗೆ ತರಲಾ?

ಮಹಡಿತೋಟ:
ಪಿಜಿ ಹುಡುಗ, ಆ ಪೊಟ್ಟಣಗಳನ್ನು ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ, ಸೆಪ್ಟೆಂಬರಿಗೆ ತೆಗೆಯಿರಿ. ವಿಡಿಯೋ ಮಾಡಿದವರ ಊರಿನಲ್ಲಿ ಮಾರ್ಚ್ ಅಂದರೆ ಚಳಿ ಬಿಡುವ ಕಾಲ. ನಮಗೆ ಅದು ಬಿಸಿಲು ಏರುವ ಕಾಲ. ಕ್ಯಾರೆಟ್ಟು, ಬಟಾಣಿ, ಕೋಸು ಎಲ್ಲ ನಮ್ಮಲ್ಲಿ ಮಳೆ ತಗ್ಗುತ್ತಾ ಬಂದಾಗ ಹಾಕಿ ಚಳಿಗಾಲದಲ್ಲಿ ಕೊಯ್ಯುವಂಥವು. ಈಗ ಹಾಕಿದರೆ ಕ್ಯಾರೆಟ್ಟಿಗೆ ಸೊಪ್ಪು ಬರುತ್ತದೆ, ಗಡ್ಡೆ ಸಣಕಲಾಗುತ್ತದೆ. ಕೊತ್ತಂಬರಿ ಗೇಣುದ್ದ ಬರುವ ಮೊದಲೇ ಹೂ ಬಿಟ್ಟು ಮುಗಿಸಿಬಿಡುತ್ತದೆ.

ಈಗ ಹಾಕಬಹುದಾದದ್ದು ಬೆಂಡೆ, ಹೀರೆ, ಸೋರೆ, ಸೌತೆ, ಹಾಗಲ, ಅಲಸಂದೆ, ಗೋರಿಕಾಯಿ. ಸೊಪ್ಪಿನಲ್ಲಿ ದಂಟು, ಹರಿವೆ, ಬಸಳೆ. ಬಾಲ್ಕನಿಗೆ ಬಸಳೆಯಂಥದ್ದು ಇನ್ನೊಂದಿಲ್ಲ. ಒಂದು ಕಡ್ಡಿ ಚುಚ್ಚಿ ದಾರ ಕಟ್ಟಿಬಿಟ್ಟರೆ ಸಾಕು, ಗ್ರಿಲ್ಲಿಗೆಲ್ಲ ಹಬ್ಬುತ್ತದೆ. ಬೆಂಡೆ ಬೀಜ ರಾತ್ರಿ ನೀರಿನಲ್ಲಿ ನೆನೆಸಿಡಿ, ಬೆಳಿಗ್ಗೆ ತೇಲುತ್ತಿರೋದನ್ನು ಎಸೆಯಿರಿ. ಮುಳುಗಿದ್ದನ್ನು ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಹಾಕಿ. ಹರಿವೆ ಬೀಜ ಸಾಸಿವೆಗಿಂತ ಸಣ್ಣದು, ಹಾಗೇ ಎರಚಿದರೆ ಒಂದೇ ಕಡೆ ಗುಂಪಾಗುತ್ತದೆ. ಒಣ ಮರಳಿನ ಜತೆ ಕಲಸಿ ಎರಚಿ.

ತಾರಸಿಯವರಿಗೆ ಒಂದು ಮಾತು. ಮೇಲಿನ ಬಿಸಿಲಿಗಿಂತ ಕೆಳಗಿನ ಸಿಮೆಂಟ್ ಕಾವು ಜಾಸ್ತಿ ಕಷ್ಟ ಕೊಡುತ್ತದೆ. ಗ್ರೋ ಬ್ಯಾಗ್ ನೇರ ನೆಲದ ಮೇಲಿಡಬೇಡಿ, ಎರಡೆರಡು ಇಟ್ಟಿಗೆ ಕೊಟ್ಟು ಎತ್ತರಿಸಿ. ಬೆಂಗಳೂರಿನಲ್ಲಿ 2016ರ ಏಪ್ರಿಲಿನಲ್ಲಿ 39.2 ಡಿಗ್ರಿ ಮುಟ್ಟಿತ್ತು, ನೆನಪಿದೆ ತಾನೆ? ಅಂಥ ಬಿಸಿಲಿಗೆ ಅರ್ಧ ಬಿಸಿಲು ತಡೆಯುವ 50 ಪರ್ಸೆಂಟಿನ ಹಸಿರು ನೆಟ್ ಇಲ್ಲದೆ ಯಾವ ಸೊಪ್ಪೂ ಉಳಿಯೋದಿಲ್ಲ.

ಈಗ ನ್ಯೂಜೆರ್ಸಿ:
ಹುಟ್ಟಿ ಬೆಳೆದದ್ದು ಜಯನಗರ ನಾಲ್ಕನೇ ಬ್ಲಾಕು, ಈಗ ಇರೋದು ಇಲ್ಲಿ. ಮಹಡಿತೋಟ ಹೇಳಿದ್ದು ಸರಿ. ಇಲ್ಲಿ ಮಾರ್ಚಿನಲ್ಲಿ ಹೊರಗೆ ಬೆಂಡೆ ಹಾಕೋದು ಕನಸು. ಕಿಟಕಿ ಪಕ್ಕ ಟ್ರೇನಲ್ಲಿ ಸಸಿ ಮಾಡಿಟ್ಟು, ರಾತ್ರಿ ಹಿಮ ಬೀಳೋದು ನಿಂತಿತು ಅಂತ ಖಾತ್ರಿಯಾದ ಮೇಲೆ ಮೇ ತಿಂಗಳಿನಲ್ಲಿ ನೆಲಕ್ಕಿಳಿಸಬೇಕು. ಹಾಗಾಗಿ ಇಲ್ಲಿನ "ಸ್ಪ್ರಿಂಗ್ ಗಾರ್ಡನಿಂಗ್" ಪಟ್ಟಿ ನೋಡಿ ಬೆಂಗಳೂರಿನಲ್ಲಿ ಬಿತ್ತಬೇಡಿ. ಅಮ್ಮ ಹೋದ ತಿಂಗಳು ಹೂ ಬಿಟ್ಟ ಟಬೂಬಿಯಾ ಮರದ ಫೋಟೋ ಕಳಿಸಿದ್ದರು. ನಾವಿಲ್ಲಿ ಆಗ ಕಾರಿನ ಮೇಲಿನ ಹಿಮ ಕೆರೆಯುತ್ತಿದ್ದೆವು.

ಮಾಲಿ ಕೆಲಸ:
ನಾನು ಮೂವತ್ತು ವರ್ಷದಿಂದ ಈ ಕಡೆ ಮನೆಗಳ ತೋಟ ನೋಡಿಕೊಳ್ಳುತ್ತೇನೆ. ಬೀಜ ಹಂಚಿಕೆ ಒಳ್ಳೇದು, ಮಾಡಿ. ಆದರೆ ಏಪ್ರಿಲಿನಲ್ಲಿ ಸಸಿ ನೆಡೋದು ಬೇಡ ಸ್ವಾಮಿ. ರೈತರು ಏನು ಹೇಳುತ್ತಾರೆ? ಅಶ್ವಿನಿ ಸಸ್ಯನಾಶಿನಿ, ಭರಣಿ ಬಂದರೆ ಧರಣಿ ಬೆಳೆ. ಅಶ್ವಿನಿ ಮಳೆ ನಕ್ಷತ್ರ ಏಪ್ರಿಲ್ ಮಧ್ಯದಿಂದ ತಿಂಗಳ ಕೊನೆ ಹತ್ತಿರದವರೆಗೆ. ನಿಮ್ಮ 22ನೇ ತಾರೀಕು ಸರಿಯಾಗಿ ಅದರ ನಡುವೆ ಬೀಳುತ್ತದೆ. ಒಂದು ಮಳೆ ಬಂದು ನೆಲ ಒದ್ದೆಯಾಗುತ್ತದೆ, ಗಿಡ ಚಿಗುರುತ್ತದೆ. ಆಮೇಲೆ ಹತ್ತು ಹದಿನೈದು ದಿನ ಒಂದು ಹನಿ ಇಲ್ಲ. ಚಿಗುರಿದ್ದು ಸುಟ್ಟು ಹೋಗುತ್ತದೆ. ಫುಟ್‌ಪಾತ್ ಪಕ್ಕದ ಗುಂಡಿಯಲ್ಲಂತೂ ಮಣ್ಣೇ ಇರೋದಿಲ್ಲ, ಬರೀ ಜಲ್ಲಿ, ಸಿಮೆಂಟ್ ಪುಡಿ.

ಭೂಮಿದಿನ ತಂಡ:
ಗಾದೆ ಹೊಲಕ್ಕೆ ಸರಿ. ನಮ್ಮದು ಸಿಟಿ, ನಲ್ಲಿ ಇದೆ, ಬಕೆಟ್ ಇದೆ. ದಿನಾ ಎರಡು ಚೊಂಬು ನೀರು ಹಾಕೋಕೆ ಆಗೋದಿಲ್ವಾ? ಇನ್ನೂ ಒಂದು ವಿಷಯ. ಒಂದು ಕಂಪನಿಯವರು ಸ್ವಲ್ಪ ದುಡ್ಡು ಕೊಡುತ್ತೇವೆ ಅಂದಿದ್ದಾರೆ. ಆದರೆ ಮಾರ್ಚ್ 31ರ ಒಳಗೆ ಬಿಲ್ ಆಗಬೇಕು, ಏಪ್ರಿಲಿನಲ್ಲಿ ಅವರ ಉದ್ಯೋಗಿಗಳು ಬಂದು ನೆಡಬೇಕು. ಜುಲೈವರೆಗೆ ಕಾಯೋಣ ಅಂದರೆ ಆ ದುಡ್ಡು ಹೋಯಿತು ಅಂತ ಲೆಕ್ಕ. ಜನರ ಉತ್ಸಾಹ ಕೂಡ ಹೋಗುತ್ತದೆ.

ಮೀಟರ್ ನೋಡುವವ:
ನಲ್ಲಿ ಇದೆ ಅಂದಿರಲ್ಲ, ಆ ನಲ್ಲಿ ನೀರಿನ ಬಗ್ಗೇನೇ ಹೇಳುತ್ತೇನೆ. 2024ರ ಮಾರ್ಚಿನಲ್ಲಿ ನೀರಿನ ಬವಣೆ ಬಂದಾಗ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯೋಕೆ, ಕಾರಂಜಿಗೆ ಬಳಸಬಾರದು ಅಂತ ಆದೇಶ ಮಾಡಿತು. ದಂಡ 5000 ರೂಪಾಯಿ. 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಆದೇಶ ಬಂತು. ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾಯಿತು ನಿಜ, ಆದರೆ ಆ 775 ಎಂಎಲ್‌ಡಿ (ದಿನಕ್ಕೆ 77.5 ಕೋಟಿ ಲೀಟರ್) ಇರೋದು ಹೊರವಲಯದ 110 ಹಳ್ಳಿಗಳಿಗೆ. ನಮ್ಮ ಬೀದಿಯ ಗಿಡಕ್ಕಲ್ಲ. 50 ಸಸಿಗೆ ಎರಡು ತಿಂಗಳು ಯಾವ ನೀರು, ಯಾರು ಹೊರುತ್ತಾರೆ, ಅದನ್ನು ಮೊದಲು ಬರೆದಿಡಿ. ಮೊದಲ ವಾರ ಎಲ್ಲರೂ ಬರುತ್ತಾರೆ. ಮೂರನೇ ವಾರ ನೋಡಿ.

ಪಿಜಿ ಹುಡುಗ:
ಹಾಗಾದರೆ ಬಾಲ್ಕನಿಗೂ ನಲ್ಲಿ ನೀರು ಹಾಕಬಾರದಾ? ನಮ್ಮ ಪಿಜಿಯಲ್ಲಿ ಆರ್‌ಒ ಮೆಷಿನ್ನಿನ ನೀರು ದಿನಾ ಬಕೆಟ್ ಗಟ್ಟಲೆ ಚರಂಡಿಗೆ ಹೋಗುತ್ತದೆ. ಅದನ್ನು ಹಾಕಬಹುದಾ?

ಮಹಡಿತೋಟ:
ಆರ್‌ಒ ಬಿಡುವ ನೀರಿನಲ್ಲಿ ಉಪ್ಪಿನಂಶ ಜಾಸ್ತಿ. ಅದೊಂದನ್ನೇ ದಿನಾ ಹಾಕುತ್ತಾ ಹೋದರೆ ಮಣ್ಣಿನ ಮೇಲೆ, ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟುತ್ತದೆ, ಎಲೆ ತುದಿ ಕರಕಲಾಗುತ್ತದೆ. ಬೇರೆ ನೀರಿನ ಜತೆ ಬೆರೆಸಿ ಆಗೊಮ್ಮೆ ಈಗೊಮ್ಮೆ ಹಾಕಿ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಚಿನ್ನ. ಎಸಿಯಿಂದ ಇಳಿಯುವ ನೀರೂ ಪರವಾಗಿಲ್ಲ. ಸೋಪಿನ ಪುಡಿ ಹಾಕಿದ ವಾಷಿಂಗ್ ಮೆಷಿನ್ ನೀರು ಮಾತ್ರ ತಿನ್ನುವ ಗಿಡಕ್ಕೆ ಬೇಡ.

ನೀರು ಉಳಿಸೋಕೆ ನಮ್ಮ ಮನೆಯಲ್ಲಿ ನಡೆದಿರುವ ಉಪಾಯ ಮಣ್ಣಿನ ಮಡಕೆ. ಬಣ್ಣ ಬಳಿಯದ ಸಣ್ಣ ಮಡಕೆಯನ್ನು ದೊಡ್ಡ ಕುಂಡದ ನಡುವೆ ಕುತ್ತಿಗೆವರೆಗೆ ಹೂತು ನೀರು ತುಂಬಿಬಿಡಿ. ಮಣ್ಣು ಒಣಗಿದಂತೆಲ್ಲ ಮಡಕೆಯಿಂದ ನೀರು ಜಿನುಗುತ್ತದೆ. ಮಣ್ಣು ಒದ್ದೆ ಇದ್ದರೆ ಜಿನುಗೋದೂ ಕಮ್ಮಿ. ಸುತ್ತ ಹಾಕಿದ ಸೌತೆ ಬಳ್ಳಿಯ ಬೇರು ಬಂದು ಮಡಕೆಯನ್ನೇ ತಬ್ಬಿಕೊಳ್ಳುತ್ತದೆ, ತೆಗೆದು ನೋಡಿದರೆ ಹೊರಗೆಲ್ಲ ಬಿಳಿ ಬಲೆ ನೇಯ್ದ ಹಾಗೆ ಇರುತ್ತದೆ. ಬಾಯಿಗೆ ಒಂದು ಮುಚ್ಚಳ ಹಾಕೋದು ಮರೀಬೇಡಿ, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗೆ. ಪಾಟರಿ ಟೌನ್ ಕಡೆ ಹೋದರೆ ಸಣ್ಣ ಮಡಕೆ ಬೇಕಾದಷ್ಟು ಸಿಗುತ್ತವೆ. ನಾನು ಹಂಚಿಕೆ ದಿನ ಒಂದು ಹೂತು ತೋರಿಸುತ್ತೇನೆ.

ಹೊಂಗೆನೆರಳು:
ಎಲ್ಲರೂ ನೀರಿನ ಮಾತಾಡುತ್ತಿದ್ದೀರಿ. ಈ ತಿಂಗಳು ನಮ್ಮ ಬೀದಿಯಲ್ಲಿ ಪುಕ್ಕಟೆ ಸಿಗೋದು ಎಲೆ, ಅದರ ಮಾತೇ ಇಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಮಳೆಮರ, ಹೊಂಗೆ ಎಲ್ಲ ಎಲೆ ಉದುರಿಸುತ್ತವೆ. ಪೌರಕಾರ್ಮಿಕರು ಬೆಳಿಗ್ಗೆ ಗುಡಿಸಿ ಗುಡ್ಡೆ ಹಾಕುತ್ತಾರೆ. ಯಾರೋ ಬಂದು ಕಡ್ಡಿ ಗೀರಿ ಹೋಗುತ್ತಾರೆ. ಆ ಹೊಗೆಗೆ ಮನೆಯಲ್ಲಿ ವಯಸ್ಸಾದವರು ಕೆಮ್ಮಿ ಕೆಮ್ಮಿ ಸುಸ್ತು.

ಪಾರ್ಕಿನ ಮೂಲೆಯಲ್ಲಿ ಕೋಳಿ ಗೂಡಿಗೆ ಹಾಕುವ ತಂತಿ ಮೆಶ್ ಸುತ್ತಿ ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಒಂದು ಗೂಡು ಮಾಡೋಣ. ಒಂದು ಪದರ ಎಲೆ, ಮೇಲೆ ಒಂದು ಬೊಗಸೆ ಹಳೇ ಗೊಬ್ಬರ, ಸಗಣಿ ನೀರು ಅಥವಾ ಹುಳಿ ಮಜ್ಜಿಗೆ ಚಿಮುಕಿಸಿ, ಕಾಲಲ್ಲಿ ತುಳಿದು ಮತ್ತೆ ಎಲೆ. ಹಿಂಡಿದರೆ ಕೈಗೆ ಪಸೆ ತಗಲಬೇಕು, ನೀರು ತೊಟ್ಟಿಕ್ಕಬಾರದು. ಹದಿನೈದು ದಿನಕ್ಕೊಮ್ಮೆ ತಿರುವಿ ಹಾಕಿದರೆ ಮೂರ್ನಾಲ್ಕು ತಿಂಗಳಲ್ಲಿ ಕಪ್ಪು ಗೊಬ್ಬರ. ಮಳೆಮರದ ಸಣ್ಣ ಎಲೆ ಬೇಗ ಕರಗುತ್ತದೆ, ಟಬೂಬಿಯಾ ಎಲೆ ದಪ್ಪ, ನಿಧಾನ. ಈಗ ಶುರು ಮಾಡಿದರೆ ಜುಲೈಗೆ ಗುಂಡಿಗೆ ಹಾಕೋಕೆ ತಯಾರು. ಗೊಬ್ಬರಕ್ಕೆ ಬೇರೆ ದುಡ್ಡೇ ಬೇಡ.

ಮತ್ತೆ ಹೊಂಗೆ ಹೂವು. ಇನ್ನು ಕೆಲವು ವಾರದಲ್ಲಿ ರಸ್ತೆ, ಕಾರು, ಮೆಟ್ಟಿಲು ಎಲ್ಲ ಕಡೆ ಬೀಳುತ್ತದೆ. ಕಾರಿನವರು ಬೈಯುತ್ತಾರೆ. ಹಳೇ ಬೆಂಗಳೂರಿನ ಮನೆಗಳಲ್ಲಿ ಅದನ್ನು ಗುಡಿಸಿ ಗೋಣಿಚೀಲಕ್ಕೆ ತುಂಬಿ ಗುಲಾಬಿ ಕುಂಡಕ್ಕೆ ಹಾಕುತ್ತಿದ್ದರು. ನಮ್ಮ ಅತ್ತೆ ಇವತ್ತಿಗೂ ಪೊರಕೆ ಹಿಡಿದು ಗೇಟಿನ ಹೊರಗೆ ನಿಲ್ಲುತ್ತಾರೆ, ಪಕ್ಕದ ಮನೆ ಮುಂದಿನದೂ ಅವರಿಗೇ ಬೇಕು!

ಭೂಮಿದಿನ ತಂಡ:
ಎಲೆ ಗೂಡು ಒಪ್ಪಿಗೆ. ಆದರೆ ಸಸಿ ವಿಷಯ ಬಿಡೋದಿಲ್ಲ. ಈ ಊರಿಗೆ ಗಾರ್ಡನ್ ಸಿಟಿ ಅನ್ನೋ ಹೆಸರು ಬಂದದ್ದು ಯಾರೋ ನೆಟ್ಟಿದ್ದಕ್ಕೇ ಅಲ್ವಾ? ಅವರೂ ಮಳೆ ನಕ್ಷತ್ರ ನೋಡಿಕೊಂಡು ಕೂತಿದ್ದರಾ?

ಹೊಂಗೆನೆರಳು:
ಅವರು ನೋಡಿದ್ದು ಕಾಲವನ್ನೇ! ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜರ್ಮನಿಯ ಕೃಂಬಿಗಲ್ ಬೀದಿ ಬೀದಿಗೆ ಬೇರೆಬೇರೆ ಮರ ಆರಿಸಿದ್ದು ಯಾಕೆ? ಒಂದು ಕಡೆ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಕಡೆ ಶುರುವಾಗಲಿ ಅಂತ. ಈಗಲೂ ನೋಡಿ, ಟಬೂಬಿಯಾ ಆದಮೇಲೆ ಜಕರಂಡ, ಆಮೇಲೆ ಗುಲ್‌ಮೊಹರ್, ಹಳದಿ ಹೂವಿನ ಕಾಪರ್‌ಪಾಡ್. 80ರ ದಶಕದಲ್ಲಿ ಅರಣ್ಯ ಇಲಾಖೆಯ ಎಸ್.ಜಿ. ನೇಗಿನಹಾಳ್ ಲಕ್ಷಗಟ್ಟಲೆ ಸಸಿ ಹಾಕಿಸಿದರು. ಸಸಿ ದೊಡ್ಡದು ಮಾಡಿಕೊಂಡು, ಬೇಲಿ ಕಟ್ಟಿ ನೆಡಿಸಿದರು. ಫೋಟೋ ತೆಗೆದು ಮನೆಗೆ ಹೋಗಲಿಲ್ಲ. ವನಮಹೋತ್ಸವ ಅಂತ 1950ರಲ್ಲಿ ಶುರುವಾದದ್ದು ಜುಲೈ ಮೊದಲ ವಾರಕ್ಕೆ ಬಂದದ್ದೂ ಸುಮ್ನೆ ಅಲ್ಲ.

ಮಾಲಿ ಕೆಲಸ:
ತಂಡದವರೇ, ಬೇಜಾರು ಮಾಡಿಕೊಳ್ಳಬೇಡಿ. ಕಂಪನಿ ದುಡ್ಡು ಬಿಡಬೇಕಾಗಿಲ್ಲ. ಮಾರ್ಚಿನಲ್ಲಿ ಮಾಡುವ ಕೆಲಸಕ್ಕೆ ಅದನ್ನು ಹಾಕಿ. ಗುಂಡಿ ತೆಗೆಸಿ. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಈಗ ತೆಗೆದು ಬಿಸಿಲಿಗೆ ಬಿಟ್ಟರೆ ಮಣ್ಣಿನಲ್ಲಿರುವ ಹುಳ, ಮೊಟ್ಟೆ ಎಲ್ಲ ಸಾಯುತ್ತವೆ. ಜಲ್ಲಿ ತೆಗೆದು ಬೇರೆ ಹಾಕಿ, ಒಳ್ಳೇ ಮಣ್ಣು ತರಿಸಿ. ಟ್ರೀ ಗಾರ್ಡ್ ಮಾಡಿಸಿ. ಇವೆಲ್ಲಕ್ಕೂ ಬಿಲ್ ಸಿಗುತ್ತದೆ. ಬೀದಿ ಬದಿ ಗುಂಡಿಗೆ ಕಲ್ಲು ಇಟ್ಟು ಗುರುತು ಹಾಕಿ, ರಾತ್ರಿ ಯಾರಾದರೂ ಕಾಲು ಹಾಕಿ ಬಿದ್ದರೆ ಕಷ್ಟ. ಅದಕ್ಕೇ ಬೀದಿಯ ಗುಂಡಿಯನ್ನು ಮೇ ಕೊನೆಗೆ ತೆಗೆಯೋಣ, ಪಾರ್ಕ್ ಒಳಗಿನದನ್ನು ಮಾತ್ರ ಈಗ ತೆಗೆಯೋಣ.

ಆ ಉದ್ಯೋಗಿಗಳು ಏಪ್ರಿಲ್ 22ಕ್ಕೆ ಬಂದರೆ ಎಲೆ ಗೂಡು ತಿರುವಲಿ, ಈಗಾಗಲೇ ಇರುವ ಗಿಡಗಳಿಗೆ ಪಾತಿ ಮಾಡಿ ಒಣ ಎಲೆ ಮುಚ್ಚಲಿ. ಹೋದ ವರ್ಷ ನೆಟ್ಟ ಸಂಪಿಗೆ, ನೇರಳೆ ಗಿಡಗಳು ಇವೆಯಲ್ಲ, ಅವಕ್ಕೆ ಈಗ ನೀರು ಬೇಕು. ಹೊಸದು ನೆಡೋದಕ್ಕಿಂತ ಅವನ್ನು ಈ ಬೇಸಿಗೆ ದಾಟಿಸೋದು ದೊಡ್ಡ ಕೆಲಸ.

ಭೂಮಿದಿನ ತಂಡ:
ಹ್ಞೂಂ. ಫೋಟೋದಲ್ಲಿ ಎಲೆ ತಿರುವೋದು ಅಷ್ಟು ಚೆನ್ನಾಗಿ ಕಾಣೋದಿಲ್ಲ ಅಂತ ಅವರು ಹೇಳಬಹುದು. ಕೇಳಿ ನೋಡುತ್ತೇವೆ. ಸಸಿ ಈಗಲೇ ಬುಕ್ ಮಾಡಿಡಲಾ?

ಮಾಲಿ ಕೆಲಸ:
ಬೇಡ. ಅರಣ್ಯ ಇಲಾಖೆ ನರ್ಸರಿಗಳಲ್ಲಿ ಮಳೆಗಾಲದ ಹೊತ್ತಿಗೆ ಕಮ್ಮಿ ಬೆಲೆಗೆ ಸಿಗುತ್ತವೆ. ಕರೆಂಟ್ ತಂತಿ ಕೆಳಗೆ ದೊಡ್ಡ ಜಾತಿ ಹಾಕಬೇಡಿ, ನಾಳೆ ಅವರೇ ಬಂದು ಅರ್ಧ ತಲೆ ಕಡಿಯುತ್ತಾರೆ. ಅಂಥ ಕಡೆ ಪಾರಿಜಾತ, ಬಸವನಪಾದ ಸಾಕು. ಜಾಗ ಇರುವ ಕಡೆ ಹೊಂಗೆ, ನೇರಳೆ, ಹೊಳೆದಾಸವಾಳ.

ಎರಡನೇ ಮಹಡಿ ಅಮ್ಮ:
ಗಿಡದ ಮಾತು ನಡೆಯಲಿ. ನನ್ನದು ಒಂದೇ ಕೋರಿಕೆ, ಮೈಕ್ ಬೇಡ. ನಮ್ಮ ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ಹುಡುಗಿ ಇದ್ದಾಳೆ. ಪರೀಕ್ಷೆ ಬರೋದೇ ಯುಗಾದಿ ಆಸುಪಾಸಿನಲ್ಲಿ. ಪೋಷಕರು ಇದನ್ನು ಎಷ್ಟು ಸಲ ಹೇಳಬೇಕು? ಹೋದ ಸಲ ಪಾನಕ ಹಂಚುವಾಗ ಭಜನೆ ಸ್ಪೀಕರನ್ನು ನಮ್ಮ ಕಿಟಕಿ ಕಡೆಗೇ ತಿರುಗಿಸಿದ್ದರು. ಪಾನಕಕ್ಕೆ ಸ್ಪೀಕರ್ ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮೂಲೆಮನೆ:
ಅಮ್ಮ, ಮೈಕ್ ಇರೋದಿಲ್ಲ. ಬೀಜ ಕೊಡೋಕೆ ಬಾಯಿ ಸಾಕು.

ಕಚೇರಿ ಕಿವಿ:
ಸಂಜೆ ಮಾತ್ರ ಇಡಬೇಡಿ ದಯವಿಟ್ಟು. ರಾಮನವಮಿ ಅಂದರೆ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಸಂಗೀತ. ರಾಮಸೇವಾ ಮಂಡಳಿಯವರು 1939ರಿಂದ ನಡೆಸುತ್ತಿದ್ದಾರೆ. ನನ್ನಂಥವರು ಸಂಜೆ ಅಲ್ಲೇ ಇರುತ್ತೇವೆ. ಬೆಳಿಗ್ಗೆ ಏಳೂವರೆಯಿಂದ ಹತ್ತು ಅಂತ ಇಟ್ಟರೆ ಬಿಸಿಲೂ ತಪ್ಪುತ್ತದೆ.

ತಿಲಕ್‌ನಗರ ಟೈಲರ್:
ನಾವೂ ಬರಬಹುದಾ? ನಮ್ಮದು ಪಕ್ಕದ ಬಡಾವಣೆ. 2025ರಲ್ಲಿ ಯುಗಾದಿ ಮರುದಿನವೇ ನಮ್ಮ ರಂಜಾನ್ ಹಬ್ಬ ಬಂದಿತ್ತು, ಎರಡೂ ಮನೆಗಳಲ್ಲಿ ಒಂದೇ ಸಲ ಬಟ್ಟೆ ಹೊಲಿಗೆ, ನನಗೆ ನಿದ್ದೆ ಇರಲಿಲ್ಲ! ಬೆಳಿಗ್ಗೆ ಆದರೆ ನಮಗೂ ಅನುಕೂಲ. ನಮ್ಮ ಮನೆ ಹಿತ್ತಲಲ್ಲಿ ಗೋರಂಟಿ ಗಿಡ ದೊಡ್ಡದಾಗಿದೆ, ಪುದೀನ ಬೇಕಾದಷ್ಟಿದೆ. ಪುದೀನ ಬೇರು ಸಮೇತ ತರುತ್ತೇನೆ.

ಮೂಲೆಮನೆ:
ಕೇಳಬೇಕಾ, ಬನ್ನಿ. ಪುದೀನಕ್ಕೆ ಈಗಲೇ ಮುಂಗಡ ಬುಕಿಂಗ್ ಆಗಿದೆ, ಮೊದಲ ಹೆಸರು ನಮ್ಮ ಮನೆಯವರದ್ದು.

ಮಹಡಿತೋಟ:
ಕಡ್ಡಿ, ಸಸಿ ತರುವ ಬಗ್ಗೆ ಎರಡು ಮಾತು. ಬೇಸಿಗೆ ಬಿಸಿಲಿನಲ್ಲಿ ಕಡ್ಡಿ ಬೇರು ಬಿಡೋದು ಕಷ್ಟ. ಪುದೀನ, ಬಸಳೆ, ದೊಡ್ಡಪತ್ರೆ ಇಂಥವು ಸರಿ. ಗುಲಾಬಿ, ದಾಸವಾಳ ಕಡ್ಡಿಯನ್ನು ಮಳೆಗಾಲಕ್ಕೆ ಇಟ್ಟುಕೊಳ್ಳೋಣ. ಇನ್ನೂ ಒಂದು ಕಾರಣ ಇದೆ, ಹಿಟ್ಟು ತಿಗಣೆ. ಒಣ ಬಿಸಿಲಿನಲ್ಲಿ ಅದು ದಾಸವಾಳಕ್ಕೆ ಬಂದು ಕೂರುತ್ತದೆ. ತುದಿ ಮುರುಟಿಕೊಂಡಿದ್ದರೆ, ಕಾಂಡದ ಸಂದಿಯಲ್ಲಿ ಹತ್ತಿ ಅಂಟಿದ ಹಾಗಿದ್ದರೆ, ಇರುವೆ ಸಾಲು ಹತ್ತುತ್ತಿದ್ದರೆ ಅದೇ ಅಂತ ತಿಳಿಯಿರಿ. ಒಂದು ಕಡ್ಡಿಯಲ್ಲಿ ಬಂದರೆ ಸಾಕು, ಒಂದೇ ಬೆಳಿಗ್ಗೆ ಇಡೀ ಬಡಾವಣೆಗೆ ಹಂಚಿದ ಹಾಗೆ ಆಗುತ್ತದೆ. ಗೇಟಿನಲ್ಲೇ ಒಬ್ಬರು ನಿಂತು ಗಿಡ ತಿರುಗಿಸಿ ನೋಡಿ ಒಳಗೆ ಬಿಡಲಿ. ಮನೆಯಲ್ಲಿ ಇರುವವರು ಮೊದಲು ಪೈಪಿನಿಂದ ಜೋರಾಗಿ ನೀರು ಹೊಡೆದು ಬೀಳಿಸಿ, ಆಮೇಲೆ ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪು ಕಲಸಿ ಸಂಜೆ ಹೊತ್ತು ಸಿಂಪಡಿಸಿ. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.

ಬೀಜದ ಬಗ್ಗೆ: ಕವರಿನ ಮೇಲೆ ಗಿಡದ ಹೆಸರು, ಬೀಜ ತೆಗೆದ ತಿಂಗಳು, ಎಲ್ಲಿಂದ ಬಂತು, ಮೂರೂ ಬರೆಯಿರಿ. ಎಫ್‌1 ಹೈಬ್ರಿಡ್, ಅಂದರೆ ಎರಡು ತಳಿ ಬೆರೆಸಿ ಮಾಡಿದ ಮೊದಲ ತಲೆಮಾರಿನ ಗಿಡದ ಹಣ್ಣಿನ ಬೀಜ ತರಬೇಡಿ. ಉದಾಹರಣೆಗೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕ ರಕ್ಷಕ್ ಟೊಮೆಟೊ ಒಳ್ಳೇ ತಳಿ, ಎಲೆ ಮುರುಟು ರೋಗ, ಬಾಡುವ ರೋಗ, ಅಂಗಮಾರಿ ಮೂರನ್ನೂ ತಡೆಯುತ್ತದೆ. ಆದರೆ ಅದು ಎಫ್‌1. ನಿಮ್ಮ ಗಿಡದ ಹಣ್ಣಿನಿಂದ ಬೀಜ ತೆಗೆದರೆ ಮುಂದಿನ ಗಿಡ ಹಾಗೇ ಬರೋದಿಲ್ಲ. ಅವರದ್ದೇ ಅರ್ಕ ಅನಾಮಿಕ ಬೆಂಡೆ ಹೈಬ್ರಿಡ್ ಅಲ್ಲ, ಬಲಿತ ಕಾಯಿ ಗಿಡದಲ್ಲೇ ಒಣಗಿಸಿ ಬೀಜ ಇಟ್ಟುಕೊಳ್ಳಬಹುದು. ನಾಟಿ ಬೀಜ ಬೇಕಾದವರು ದೇಸಿ ಬೀಜ ಉಳಿಸುವ ಸಹಜ ಸಮೃದ್ಧ ಸಂಸ್ಥೆಯವರ ಹತ್ತಿರ ವಿಚಾರಿಸಿ. ನಮ್ಮ ಅಜ್ಜಿ ಬೀಜವನ್ನು ಒಲೆ ಬೂದಿಯಲ್ಲಿ ಕಲಸಿ ಇಡುತ್ತಿದ್ದರು, ಹುಳ ಬೀಳುತ್ತಿರಲಿಲ್ಲ. ಈಗ ಒಲೆಯೇ ಇಲ್ಲ, ಒಣ ಬೇವಿನ ಎಲೆ ಹಾಕಿಡಿ.

ಹೊಂಗೆನೆರಳು:
ಬೇವು ಅಂದಾಗ ನೆನಪಾಯಿತು. ಯುಗಾದಿ ಹಿಂದಿನ ಸಂಜೆ ಪಾರ್ಕಿನ ಬೇವಿನ ಮರದ ಗತಿ ನೋಡೋಕಾಗೋದಿಲ್ಲ. ಒಂದು ಹಿಡಿ ಹೂವಿಗೆ ಇಡೀ ಕೊಂಬೆ ಮುರಿದು ಎಳೆಯುತ್ತಾರೆ. ಬೇಕಾಗಿರೋದು ಬೆಲ್ಲಕ್ಕೆ ಬೆರೆಸೋಕೆ ನಾಲ್ಕು ಹೂವು, ಬಾಗಿಲಿಗೆ ಒಂದು ಸಣ್ಣ ಗೊಂಚಲು. ಕೆಳಗೆ ಬಿದ್ದದ್ದನ್ನು ಬೆಳಿಗ್ಗೆ ಲಾರಿ ಹೊತ್ತುಕೊಂಡು ಹೋಗುತ್ತದೆ. ಈ ಸಲ ಮಾಲಿಯವರು ಕೊಕ್ಕೆ ಕತ್ತರಿಯಿಂದ ಬೇಕಾದಷ್ಟು ಮಾತ್ರ ಕತ್ತರಿಸಿ ಗೇಟಿನ ಹತ್ತಿರ ಬುಟ್ಟಿಯಲ್ಲಿಡಲಿ, ಎಲ್ಲರೂ ಅಲ್ಲಿಂದ ತಗೊಳ್ಳೋಣ. ಮಾವಿನ ಸೊಪ್ಪಿಗೂ ಅದೇ.

ಇನ್ನೊಂದು. ಆಟದ ಜಾಗದ ಪಕ್ಕದ ದೊಡ್ಡ ಮರದಲ್ಲಿ ಹೆಜ್ಜೇನು ಕಟ್ಟಿದೆ. ಹೊಂಗೆ ಹೂ ಬಿಡುವ ಕಾಲ, ಬಂದೇ ಬರುತ್ತವೆ. ಅದರ ಕೆಳಗೆ ಶಾಮಿಯಾನ, ಒಲೆ, ಹೊಗೆ ಯಾವುದೂ ಬೇಡ. ಕೀಟನಾಶಕದವರನ್ನು ಕರೆಸೋಣ ಅಂತ ಯಾರೋ ಹೇಳುತ್ತಿದ್ದರು. ದಯವಿಟ್ಟು ಕರೆಸಬೇಡಿ. ಹೂ ಮುಗಿದ ಮೇಲೆ ಅವೇ ಎದ್ದು ಹೋಗುತ್ತವೆ. ನಾವು ಗೇಟಿನ ಕಡೆ ಕೂರೋಣ.

ಮೀಟರ್ ನೋಡುವವ:
ಅನುಮತಿ ಯಾರು ತಗೊಳ್ಳುತ್ತಾರೆ? 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿವೆ, ಹಳೇ ಲೆಟರ್‌ಹೆಡ್ಡಿಗೆ ಬರೆದ ಅರ್ಜಿ ಹಿಡಿದುಕೊಂಡು ಅಲೆಯಬೇಡಿ. ಪಾರ್ಕಿನಲ್ಲಿ ಗುಂಡಿ ತೆಗೆಯೋಕೆ, ಎಲೆ ಗೂಡು ಇಡೋಕೆ ಲಿಖಿತ ಒಪ್ಪಿಗೆ ಬೇಕು. ಇಲ್ಲದಿದ್ದರೆ ಜುಲೈ ಬರುವ ಮೊದಲೇ ಯಾರೋ ಬಂದು ಮೆಶ್ ಕಿತ್ತು ಹಾಕುತ್ತಾರೆ. ನಾನು ಅರ್ಜಿ ಬರೆದು ಕೊಡುತ್ತೇನೆ, ಓಡಾಡೋಕೆ ಇನ್ನೊಬ್ಬರು ಬೇಕು.

ಭೂಮಿದಿನ ತಂಡ:
ಓಡಾಟ ನಮ್ಮದು. ಕಂಪನಿಯವರ ಹತ್ತಿರ ಮಾತಾಡಿದೆವು. ಟ್ರೀ ಗಾರ್ಡ್, ಮೆಶ್, ಮಣ್ಣು, 50 ಸಣ್ಣ ಮಡಕೆಗೆ ಒಪ್ಪಿದ್ದಾರೆ. ಬಿಲ್ ಮಾರ್ಚ್ ಒಳಗೆ. ಏಪ್ರಿಲ್ 22ಕ್ಕೆ ಒಂದಷ್ಟು ಜನ ಬಂದು ಎಲೆ ತಿರುವುತ್ತಾರೆ, ಹಳೇ ಗಿಡಗಳ ಪಕ್ಕ ಮಡಕೆ ಹೂತು ನೀರು ತುಂಬುತ್ತಾರೆ. ಸಸಿ ಮಾತ್ರ ಜುಲೈಯಲ್ಲಿ ನೆಡೋದು, ಆಗ ಅವರೇ ಬರುತ್ತಾರಂತೆ. ಟೀ ಶರ್ಟ್ ಬೇಡ ಅಂದಿದ್ದೇವೆ. ಅದರ ದುಡ್ಡನ್ನು ಇನ್ನೂ ಹತ್ತು ಟ್ರೀ ಗಾರ್ಡಿಗೆ ಕೇಳಿದ್ದೇವೆ, ಅದಕ್ಕೆ ಉತ್ತರ ಬಂದಿಲ್ಲ.

ಮಾಲಿ ಕೆಲಸ:
ಇದು ಕೆಲಸ. ಒಂದು ಗಿಡಕ್ಕೆ ಒಂದು ಮನೆ ಅಂತ ಹೆಸರು ಬರೆದುಬಿಡಿ. ಯಾರ ಮನೆ ಮುಂದಿನ ಗಿಡವೋ ಅವರು ವಾರಕ್ಕೆ ಎರಡು ಸಲ ಮಡಕೆ ತುಂಬಲಿ. ಊರಿಗೆ ಹೋಗುವವರು ಪಕ್ಕದವರಿಗೆ ಹೇಳಿ ಹೋಗಲಿ, ಅದೊಂದು ನೆಪದಲ್ಲಾದರೂ ಮಾತು ಶುರುವಾಗುತ್ತದೆ.

ಮೂಲೆಮನೆ:
ಹಾಗಾದರೆ ಹೀಗೆ ಇಟ್ಟುಕೊಳ್ಳೋಣ. ಯುಗಾದಿ, ರಾಮನವಮಿ ನಡುವಿನ ಭಾನುವಾರ ಬೆಳಿಗ್ಗೆ ಏಳೂವರೆಗೆ, ಗೇಟಿನ ಕಡೆ, ಮೈಕ್ ಇಲ್ಲದೆ, ಬೀಜ ಮತ್ತು ಬೇರಿರುವ ಸೊಪ್ಪಿನ ಗಿಡ ಮಾತ್ರ. ಗೇಟಿನಲ್ಲಿ ಗಿಡ ತಪಾಸಣೆ ಮಹಡಿತೋಟದವರದ್ದು. ಲಿಖಿತ ಒಪ್ಪಿಗೆ ಅಷ್ಟರಲ್ಲಿ ಬಂದಿದ್ದರೆ ಎಲೆ ಗೂಡು ಅದೇ ದಿನ ಕಟ್ಟುತ್ತೇವೆ. ಪಾರ್ಕ್ ಒಳಗಿನ ಗುಂಡಿ ಒಪ್ಪಿಗೆ ಬಂದ ಮೇಲೆ. ಗುಲಾಬಿ, ದಾಸವಾಳ ಕಡ್ಡಿ ಮತ್ತು ಸಸಿ ನೆಡೋದು ಮಳೆ ಹಿಡಿದ ಮೇಲೆ, ಜುಲೈ ಮೊದಲ ವಾರ ನೋಡೋಣ. ನೀರುಮಜ್ಜಿಗೆಗೆ ಹುಳಿ ಮೊಸರು ಯಾರು ಕೊಡುತ್ತೀರಿ? ಉಳಿದದ್ದು ಎಲೆ ಗೂಡಿಗೆ ಹೋಗುತ್ತದೆ, ವೇಸ್ಟ್ ಆಗೋದಿಲ್ಲ.

ಎರಡನೇ ಮಹಡಿ ಅಮ್ಮ:
ಮೊಸರು ನಾನು ಕೊಡುತ್ತೇನೆ. ಮೈಕ್ ಇಲ್ಲ ಅಂದದ್ದಕ್ಕೆ ಎರಡು ಲೀಟರ್ ಜಾಸ್ತಿ. ಮಗಳಿಗೆ ಅವತ್ತು ಓದಿನಿಂದ ಅರ್ಧ ಗಂಟೆ ಬಿಡುವು, ಬಂದು ಕವರಿನ ಮೇಲೆ ಹೆಸರು ಬರೆದು ಕೊಡುತ್ತಾಳಂತೆ. ಅಕ್ಷರ ದುಂಡಗಿದೆ.

ಪಿಜಿ ಹುಡುಗ:
ಬೆಂಡೆ ಬೀಜ ಶನಿವಾರ ರಾತ್ರಿಯೇ ನೆನೆಸಿ ತಂದುಬಿಡಲಾ? ಎಲ್ಲರಿಗೂ ಒಂದು ಕೆಲಸ ಉಳಿಯುತ್ತದೆ.

ಮಹಡಿತೋಟ:
ಅಯ್ಯೋ ಬೇಡ ಮಾರಾಯ. ನೆನೆದ ಬೀಜ ಕವರಿನಲ್ಲಿ ಎರಡು ದಿನ ಉಳಿದರೆ ಕೊಳೆತು ಹೋಗುತ್ತದೆ. ಒಣಗಿದ್ದನ್ನೇ ತನ್ನಿ, ತಗೊಂಡವರು ಮನೆಗೆ ಹೋಗಿ ನೆನೆಸಿಕೊಳ್ಳಲಿ. ಮತ್ತೆ ಆ ಎಲೆಕೋಸಿನ ಬೀಜ ಫ್ರಿಜ್ಜಿಗೆ ಹಾಕಿದಿರಾ?

ಪಿಜಿ ಹುಡುಗ:
ಫ್ರಿಜ್ ಓನರ್ ಆಂಟಿಯದ್ದು, ಕೇಳಬೇಕು.